ಎಸ್‌ಸಿಸಿ ರಕ್ತಪರೀಕ್ಷೆಯ ವರದಿಗಳ ಕುರಿತು ಸದಸ್ಯರಿಗೆ ಸೂಚನೆ

ಗುಂಪಿನ ಎಲ್ಲ ಸದಸ್ಯರ ಗಮನಕ್ಕೆ,

ಗರ್ಭಕಂಠದ ಕ್ಯಾನ್ಸರಿಗೆ ಕಿದ್ವಾಯಿಯಲ್ಲೋ ಬೆಂಗಳೂರಿನ ಬೇರೆ ಆಸ್ಪತ್ರೆಗಳಲ್ಲೋ ಚಿಕಿತ್ಸೆ ಪಡೆದವರ ಮನೆಯವರು ಎಸ್‌ಸಿಸಿ ಆ್ಯಂಟಿಜೆನ್ (ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ ಆ್ಯಂಟಿಜೆನ್ ಎಂಬ, ರಕ್ತದಲ್ಲಿ ಅಳೆಯುವ ಪ್ರೋಟೀನ್) ವರದಿಯ ಚಿತ್ರವನ್ನು ಇಲ್ಲಿ ಹಾಕಿ, ಕಾಯಿಲೆ ಮರಳಿದೆಯೇ ಎಂದು ಆತಂಕದಿಂದ ಕೇಳುತ್ತಿರುವುದರಿಂದ ಇದನ್ನು ಬರೆಯಬೇಕಾಗಿದೆ.

1977ರಲ್ಲಿ ಜಪಾನಿನ ಸಂಶೋಧಕರು ಗರ್ಭಕಂಠದ ಗೆಡ್ಡೆಯಿಂದಲೇ ಬೇರ್ಪಡಿಸಿದ ಈ ಪ್ರೋಟೀನ್, ಸ್ಕ್ವಾಮಸ್ (ಹೊರಪದರದ ಚಪ್ಪಟೆ ಜೀವಕೋಶಗಳಲ್ಲಿ ಹುಟ್ಟುವ) ಬಗೆಯ ಕ್ಯಾನ್ಸರ್‌ನಲ್ಲಿ ಗೆಡ್ಡೆ ದೊಡ್ಡದಾದಂತೆ, ದುಗ್ಧಗ್ರಂಥಿಗಳಿಗೆ (ಲಿಂಫ್ ನೋಡ್) ಹರಡಿದಂತೆ ರಕ್ತದಲ್ಲಿ ಸಾಮಾನ್ಯವಾಗಿ ಹೆಚ್ಚುತ್ತದೆ. ಚಿಕಿತ್ಸೆ ಫಲಿಸಿದರೆ ಇಳಿಯುತ್ತದೆ. ಕೆಲವರಲ್ಲಿ, ಮರುಕಳಿಸಿದ ಕಾಯಿಲೆಯ ಲಕ್ಷಣಗಳು ಕಾಣಿಸಿಕೊಳ್ಳುವ ಮೊದಲೇ ಏರತೊಡಗುತ್ತದೆ. ಮಿಲಿಲೀಟರಿಗೆ 1.5 ನ್ಯಾನೋಗ್ರಾಂ ಎಂಬುದು ಹಲವು ಲ್ಯಾಬ್‌ಗಳು ಬಳಸುವ ಮಿತಿ. ಆದರೆ ಸೋರಿಯಾಸಿಸ್, ಇಸುಬು, ಮೂತ್ರಪಿಂಡದ ವೈಫಲ್ಯ ಇದ್ದವರಲ್ಲಿಯೂ ಅದು ಮಿತಿ ಮೀರಬಹುದು. ರಕ್ತದ ಮಾದರಿಗೆ ಎಂಜಲಿನ ಹನಿ ಸೋಕಿದರೂ ಸಾಕು, ಅಂಕಿ ಏರಿಬಿಡುತ್ತದೆ. ಆದ್ದರಿಂದ ಒಂದೇ ವರದಿಯಿಂದ ತೀರ್ಮಾನಕ್ಕೆ ಬರುವುದು ಸರಿಯಲ್ಲ. ಒಂದೇ ಲ್ಯಾಬಿನಲ್ಲಿ, ಒಂದೇ ವಿಧಾನದಲ್ಲಿ ಮಾಡಿಸಿದ ವರದಿಗಳನ್ನು ಸಾಲಾಗಿ ಇಟ್ಟು ನೋಡಿದಾಗ ಕಾಣುವ ಏರಿಳಿತವೇ ವೈದ್ಯರಿಗೆ ಬೇಕಾದದ್ದು.

ಗ್ರಂಥಿಯ ಜೀವಕೋಶಗಳಲ್ಲಿ ಹುಟ್ಟುವ ಅಡಿನೋಕಾರ್ಸಿನೋಮಾ ಬಗೆಯಲ್ಲಿ ಈ ಪರೀಕ್ಷೆಯ ಉಪಯೋಗ ಕಡಿಮೆ. ಅಲ್ಲಿ ಸಿಎ 125 ಅಥವಾ ಸಿಇಎ ಎಂಬ ಬೇರೆ ರಕ್ತಸೂಚಕಗಳನ್ನು ನೋಡುವುದುಂಟು. ಕಾಯಿಲೆಯ ಹಂತವನ್ನು ನಿರ್ಧರಿಸುವುದು ದೇಹಪರೀಕ್ಷೆ, ಸ್ಕ್ಯಾನ್ ಮತ್ತು ಬಯಾಪ್ಸಿ. ಫಿಗೊ (ಸ್ತ್ರೀರೋಗ ಮತ್ತು ಪ್ರಸೂತಿ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟ) 2018ರಲ್ಲಿ ಮಾಡಿದ ಹಂತ ವಿಂಗಡಣೆಯಲ್ಲಿ ರಕ್ತದ ಸೂಚಕಗಳಿಗೆ ಸ್ಥಾನವಿಲ್ಲ. ಆರೋಗ್ಯವಂತ ಮಹಿಳೆಯರ ತಪಾಸಣೆಗೆ ಪ್ಯಾಪ್ ಸ್ಮಿಯರ್ (ಗರ್ಭಕಂಠದ ಜೀವಕೋಶಗಳ ಪರೀಕ್ಷೆ), ಎಚ್‌ಪಿವಿ (ಈ ಕ್ಯಾನ್ಸರಿಗೆ ಕಾರಣವಾಗುವ ವೈರಸ್) ಪರೀಕ್ಷೆಗಳಿವೆ. ಪ್ಯಾಕೇಜಿನಲ್ಲಿ ಸೇರಿದೆಯೆಂದು ಎಸ್‌ಸಿಸಿ ಮಾಡಿಸುವುದು ಹಣದ ದಂಡ.

ಇನ್ನು ಮುಂದೆ ರೋಗಿಯ ಹೆಸರು, ಆಸ್ಪತ್ರೆಯ ಸಂಖ್ಯೆ ಕಾಣುವ ವರದಿಗಳನ್ನು ಇಲ್ಲಿ ಹಾಕಬಾರದೆಂದೂ, ಹಳೆಯ ವರದಿಗಳನ್ನೆಲ್ಲ ದಿನಾಂಕದ ಕ್ರಮದಲ್ಲಿ ಜೋಡಿಸಿಕೊಂಡು ಮುಂದಿನ ಭೇಟಿಯಲ್ಲಿ ವೈದ್ಯರಿಗೆ ತೋರಿಸಬೇಕೆಂದೂ ಕೋರುತ್ತೇವೆ.