ಗೋಡೆಯ ಕಡೆ ತಿರುಗಿದ ಪರದೆ

ಬಸವನಗುಡಿ, ಬೆಂಗಳೂರು
ಭಾನುವಾರ ರಾತ್ರಿ

ಚಿರಂಜೀವಿ ಪುಟ್ಟನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮನೆಯ ಸುದ್ದಿಯೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಮತ್ತೆ ಬರೆಯುವುದಿಲ್ಲ. ನಿನ್ನ ಪತ್ರ ಬಂದಾಗಿನಿಂದ ಅದರ ಒಂದೇ ಸಾಲು ತಲೆಯಲ್ಲಿ ಕೂತಿದೆ. "ಈಗ ಎಂಟರ್ ಒತ್ತೋಕೆ ಮುಂಚೆ ಕೈ ನಡುಗುತ್ತೆ ದೊಡ್ಡಮ್ಮ, ಅದಕ್ಕೇ ಲ್ಯಾಪ್‌ಟಾಪನ್ನ ಗೋಡೆ ಕಡೆ ತಿರುಗಿಸಿಕೊಂಡು ಕೂರ್ತೀನಿ." ಕೈ ನಡುಗುವುದು ಅರ್ಥವಾಯಿತು. ಗೋಡೆಯ ಮಾತು ಓದಿದಾಗ ಎದೆ ಧಸಕ್ ಎಂದಿತು.

ಎರಡು ದಿನ ಬಿಟ್ಟು ಮತ್ತೆ ಓದಿದೆ. ಏನಾಯಿತು ಅಂತ ಬಿಡಿಸಿ ಬರೆದಿದ್ದೀಯ. ಪರೀಕ್ಷೆಗೆ ಇಟ್ಟಿರುವ ಸ್ಟೇಜಿಂಗ್ ಸರ್ವರಿನಲ್ಲಿ ಡಾಕರಿನ ಕಂಟೇನರುಗಳನ್ನು, ಅಂದರೆ ಒಂದೊಂದು ಪ್ರೋಗ್ರಾಮನ್ನು ಬೇರೆಬೇರೆ ಕೂರಿಸಿದ ಡಬ್ಬಿಗಳನ್ನು, ನಿಲ್ಲಿಸಿ ತೆಗೆಯೋಕೆ 'ಡಾಕರ್ ಕಂಪೋಸ್ ಡೌನ್' ಕೊಡುವಾಗ ಕೊನೆಗೆ ಹೈಫನ್ ವಿ ಸೇರಿಸಿದೆ. ವಿ ಅಂದರೆ ವರ್ಬೋಸ್, ಏನೇನು ನಡೀತಿದೆ ಅಂತ ವಿವರವಾಗಿ ತೋರಿಸುತ್ತೆ ಅಂದುಕೊಂಡೆ. ಅದು ಡೇಟಾ ಇಡುವ ಜಾಗಗಳಾದ ವಾಲ್ಯೂಮುಗಳನ್ನೂ ಅಳಿಸಿತು. ಟೆಸ್ಟಿಂಗ್ ಹುಡುಗಿ ಎರಡು ವಾರ ಕೂತು ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ತುಂಬಿಸಿದ್ದ ಡೇಟಾ ಹೋಯಿತು. ಇಷ್ಟೂ ಇದೆ. ಆಮೇಲೆ ಯಾರಿಗೆ ಹೇಳಿದೆ ಅನ್ನುವುದು ಮಾತ್ರ ಎಲ್ಲೂ ಇಲ್ಲ. ಬರೆಯೋಕೆ ಮರೆತೆಯಾ, ಹೇಳಲೇ ಇಲ್ಲವಾ?

ಬೈಯುತ್ತಿಲ್ಲ ಪುಟ್ಟಾ. ಆ ಅಕ್ಷರಕ್ಕೆ ಯಾರು ಬೇಕಾದರೂ ಮೋಸಹೋಗಬಹುದು. 'ಡಾಕರ್ ರನ್' ಜೊತೆ ಹೈಫನ್ ವಿ ಬಂದರೆ ವಾಲ್ಯೂಮನ್ನು ಕಂಟೇನರಿಗೆ ಜೋಡಿಸುತ್ತದೆ. 'ಕಂಪೋಸ್ ಡೌನ್' ಜೊತೆ ಬಂದರೆ ಅದೇ ವಾಲ್ಯೂಮನ್ನು ಅಳಿಸುತ್ತದೆ. ಬರೀ 'ಡಾಕರ್' ಪಕ್ಕ ಬಂದರೆ ಆವೃತ್ತಿಯ ಸಂಖ್ಯೆ ಹೇಳುತ್ತದೆ. ಫೈಲಿನಲ್ಲಿ ಪದ ಹುಡುಕುವ 'ಗ್ರೆಪ್' ಜೊತೆ ಬಂದರೆ ಹೊಂದದ ಸಾಲುಗಳನ್ನು ಆರಿಸುತ್ತದೆ. ಫೈಲ್ ನಕಲು ಮಾಡುವ 'ಸಿಪಿ' ಜೊತೆ ಬಂದರೆ ಮಾತ್ರ ನೀನು ಅಂದುಕೊಂಡ ಹಾಗೆ ವಿವರ ಕೊಡುತ್ತದೆ. ಬಳಕೆಯಲ್ಲಿಲ್ಲದ ವಾಲ್ಯೂಮುಗಳನ್ನು ಅಳಿಸುವ 'ವಾಲ್ಯೂಮ್ ಪ್ರೂನ್' ಆದರೂ ಖಂಡಿತವಾ ಅಂತ ಒಂದು ಮಾತು ಕೇಳಿ ವೈ ಒತ್ತುವವರೆಗೆ ಕಾಯುತ್ತದೆ. 'ಡೌನ್' ಅಷ್ಟೂ ಕೇಳುವುದಿಲ್ಲ. ಕಂಟೇನರ್ ಹೋದರೂ ಡೇಟಾ ಉಳಿಯಲಿ ಅಂತಲೇ ವಾಲ್ಯೂಮನ್ನು ಹೊರಗಿಡುವುದು. ಅದನ್ನೂ ಎಳೆದುಕೊಂಡು ಹೋಗೋಕೆ ಒಂದಕ್ಷರ ಸಾಕು ಅನ್ನುವುದು ಮೂವತ್ತು ವರ್ಷ ಈ ಕೆಲಸ ಮಾಡಿದ ನನಗೂ ಒಪ್ಪಿಗೆಯಾಗುವ ಸಂಗತಿಯಲ್ಲ.

ಆದರೆ ನಾನು ಬರೆಯೋಕೆ ಕೂತದ್ದು ಅದಕ್ಕಲ್ಲ. ಆ ಗೋಡೆಯ ವಿಷಯಕ್ಕೆ.

ನಿನ್ನಮ್ಮನಿಗೂ ಹೇಳದ ಒಂದು ವಿಷಯ ಇದೆ. 1994ರಲ್ಲಿ ನಾನಿದ್ದ ಆಫೀಸು ರೆಸಿಡೆನ್ಸಿ ರಸ್ತೆಯ ಹಿಂದೆ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿತ್ತು. ಒಂದು ಯೂನಿಕ್ಸ್ ಮೆಷಿನ್, ಅದಕ್ಕೆ ಹನ್ನೆರಡು ಟರ್ಮಿನಲ್. ಪ್ರೋಗ್ರಾಮು, ಡೇಟಾ ಎಲ್ಲ ಒಂದೇ ಡೈರೆಕ್ಟರಿಯಲ್ಲಿ. ಎಲ್ಲರಿಗೂ ಒಂದೇ ಲಾಗಿನ್. ಆವತ್ತು ಬುಧವಾರ, ರಾತ್ರಿ ಹತ್ತಾಗಿತ್ತು. ಮನೆಗೆ ಹೊರಡುವ ಮುಂಚೆ ಕಂಪೈಲ್ ಆಗಿ ಉಳಿದಿದ್ದ ಡಾಟ್ ಓ ಫೈಲುಗಳನ್ನು ತೆಗೆದುಬಿಡೋಣ ಅಂತ ಕೂತೆ. ಅಳಿಸುವ ಕಮಾಂಡು 'ಆರ್‌ಎಂ', ಆಮೇಲೆ ಯಾವ ಹೆಸರಾದರೂ ಸರಿ ಅನ್ನುವ ನಕ್ಷತ್ರ, ಆಮೇಲೆ ಡಾಟ್ ಓ. ನಕ್ಷತ್ರಕ್ಕೂ ಚುಕ್ಕೆಗೂ ನಡುವೆ ಹೆಬ್ಬೆರಳು ಸ್ಪೇಸ್ ಬಾರಿಗೆ ತಗುಲಿತು. ಕೊನೆಯ ಬಸ್ಸಿನ ಅವಸರದಲ್ಲಿ ನೋಡಲಿಲ್ಲ, ಎಂಟರ್ ಒತ್ತಿದೆ.

ಕೆಲಸ ಮುಗಿಯಿತು ಅಂತ ತಕ್ಷಣ ಬರಬೇಕಾದ ಡಾಲರ್ ಚಿಹ್ನೆ ಬರಲಿಲ್ಲ. ಡಿಸ್ಕು ಕರಕರ ಅಂದಿತು. ಆಮೇಲೆ ಹಸಿರು ಅಕ್ಷರದಲ್ಲಿ ಒಂದೇ ಸಾಲು ಬಂತು: ಡಾಟ್ ಓ ಅನ್ನುವ ಫೈಲ್ ಇಲ್ಲ. ಒಂಟಿಯಾಗಿ ನಿಂತ ಆ ನಕ್ಷತ್ರ ಡೈರೆಕ್ಟರಿಯನ್ನೆಲ್ಲ ನುಂಗಿ, ಉಳಿದ ಡಾಟ್ ಓ ಅನ್ನುವ ಹೆಸರನ್ನು ಹುಡುಕಿಕೊಂಡು ಹೋಗಿ ಸಿಗದೆ ವಾಪಸು ಬಂದಿತ್ತು. ಫೈಲುಗಳ ಪಟ್ಟಿಗೆ ಎಲ್‌ಎಸ್ ಕೊಟ್ಟರೆ ಏನೂ ಇಲ್ಲ.

ಶುಕ್ರವಾರ ತೆಗೆದ ಬ್ಯಾಕಪ್ ಟೇಪ್ ಇತ್ತು. ಅದನ್ನು ಹಾಕಿ 'ಟಾರ್' ಕೊಟ್ಟು, ಟೇಪು ಹಿಂದೆ ಮುಂದೆ ಓಡುವ ಸದ್ದು ಕೇಳುತ್ತಾ ಕೂತೆ. ಎಲ್ಲ ವಾಪಸು ಬಂತು, ಸೋಮವಾರ, ಮಂಗಳವಾರ, ಬುಧವಾರದ ವೋಚರುಗಳು ಬಿಟ್ಟು. ಆಗ ನಾನು ಮಾಡಿದ್ದು ಇದು. ಕೊಟ್ಟ ಕಮಾಂಡುಗಳೆಲ್ಲ ದಾಖಲಾಗುವ ಹಿಸ್ಟರಿ ಫೈಲನ್ನು ವಿಐ ಎಡಿಟರಿನಲ್ಲಿ ತೆರೆದೆ. ಕರ್ಸರನ್ನು ಆ ಸಾಲಿನ ಮೇಲೆ ತಂದೆ. ಡಿ ಅಕ್ಷರವನ್ನು ಎರಡು ಸಲ ಒತ್ತಿದೆ. ಸಾಲು ಹೋಯಿತು. ಮೊದಲ ಸಲ ಅಳಿಸಿದ್ದು ಹೆಬ್ಬೆರಳು. ಎರಡನೇ ಸಲ ಅಳಿಸಿದ್ದು ನಾನು.

ಬೆಳಿಗ್ಗೆ ಡೇಟಾ ಎಂಟ್ರಿ ಮಾಡುತ್ತಿದ್ದ ಹುಡುಗಿ ಸರಿಯಾಗಿ ಸೇವ್ ಮಾಡಿಲ್ಲ ಅಂತ ತೀರ್ಮಾನವಾಯಿತು. ನಾನು ಅಲ್ಲೇ ಎರಡು ಮೇಜಿನಾಚೆ ಇದ್ದೆ. ಅವಳು "ಮಾಡಿದ್ದೆ ಸಾರ್, ಮಾಡಿದ್ದೆ" ಅನ್ನುತ್ತಿದ್ದಳು. ಒಂದು ವಾರ ಸಂಜೆ ಕೂತು ಮೂರು ದಿನದ ವೋಚರುಗಳನ್ನು ಮತ್ತೆ ಹಾಕಿದಳು. ಕೆಂಗೇರಿಗೆ ಹೋಗಬೇಕಾದವಳು, ಬಿ.ಟಿ.ಎಸ್. ಬಸ್ಸು ತಪ್ಪಿದ ದಿನ ಅವಳಣ್ಣ ಸೈಕಲ್ ತಂದು ಕೆಳಗೆ ಕಾಯುತ್ತಿದ್ದ. ಎರಡು ತಿಂಗಳಾದ ಮೇಲೆ ಅವಳ ಕಾಂಟ್ರಾಕ್ಟ್ ಮುಂದುವರಿಸಲಿಲ್ಲ. ಕಾರಣ ಇದೇನಾ ಅಂತ ಕೇಳುವ ಧೈರ್ಯ ನನಗೆ ಬರಲಿಲ್ಲ.

ಆಮೇಲೆ ನನ್ನ ಕೈಯೂ ನಡುಗೋಕೆ ಶುರುವಾಯಿತು. ಆಗಿನ ಟರ್ಮಿನಲ್ಲನ್ನು ತಿರುಗಿಸೋಕೆ ಆಗುತ್ತಿರಲಿಲ್ಲ, ಮಣಭಾರ. ಮೂಲೆಯ ಟರ್ಮಿನಲ್ಲೇ ಬೇಕು ಅಂತ ಹಠ ಹಿಡಿದು ತಗೊಂಡೆ. ಬೆನ್ನ ಹಿಂದೆ ಗೋಡೆ, ಪರದೆ ನನ್ನೊಬ್ಬಳಿಗೇ. ನಿನ್ನ ಸಾಲು ಓದಿದಾಗ ನನಗೆ ಕಂಡದ್ದು ಆ ಮೂಲೆ. ಅಲ್ಲಿ ಕೂತರೆ ನಡುಕ ಹೋಗುತ್ತೆ ಅಂದುಕೊಂಡಿದ್ದೆ. ಹೋಗಲಿಲ್ಲ ಕಣೋ. ನಾನು ಟೈಪ್ ಮಾಡುವುದನ್ನು ಯಾರೂ ನೋಡದ ಮೇಲೆ ನನ್ನ ತಪ್ಪನ್ನು ಮೊದಲೇ ಹಿಡಿಯುವವರೂ ಇಲ್ಲದ ಹಾಗಾಯಿತು. ಹೆದರಿಕೆ ದುಪ್ಪಟ್ಟಾಯಿತು.

2009ರ ಕಡಲೆಕಾಯಿ ಪರಿಷೆಯಲ್ಲಿ ಅವಳನ್ನು ನೋಡಿದೆ. ದೊಡ್ಡ ಗಣಪತಿ ದೇವಸ್ಥಾನದ ಮುಂದೆ, ಜೊತೆಗೆ ಮಗಳು, ಕೈಯಲ್ಲಿ ಕಡಲೆಕಾಯಿ ಪೊಟ್ಟಣ. ನನ್ನನ್ನು ಗುರುತು ಹಿಡಿದು ನಕ್ಕಳು. "ಚೆನ್ನಾಗಿದೀರಾ ಮೇಡಂ" ಅಂದಳು. ಚೆನ್ನಾಗಿದೀನಿ ಅಂದೆ. ಹೇಳಬೇಕು ಅಂತ ಬಾಯಿ ತೆರೆದೆ, ಜನ ತಳ್ಳಿಕೊಂಡು ಬಂದರು, ಅವಳು ಮುಂದೆ ಹೋದಳು. ಜನ ತಳ್ಳಿದರು ಅಂತ ಬರೆಯುತ್ತಿದ್ದೇನೆ ನೋಡು, ಈಗಲೂ. ಹಿಂದೆಯೇ ಹೋಗಿ ಹೇಳಬಹುದಿತ್ತು.

ಅದಕ್ಕೇ ಕೇಳುತ್ತಿದ್ದೇನೆ, ಆ ಟೆಸ್ಟಿಂಗ್ ಹುಡುಗಿಗೆ ಗೊತ್ತಾ? ತನ್ನದೇ ಸ್ಕ್ರಿಪ್ಟ್ ಎಲ್ಲೋ ಕೆಟ್ಟಿದೆ ಅಂತ ಅವಳು ಹುಡುಕುತ್ತಾ ಕೂತಿದ್ದಾಳಾ?

ಸ್ವಲ್ಪ ಕೆಲಸದ ಮಾತು ಹೇಳುತ್ತೇನೆ. ನಿನ್ನ ಕಾಲದ್ದು ನಿನಗೇ ಚೆನ್ನಾಗಿ ಗೊತ್ತು, ನಾನು ಹೇಳುವುದರಲ್ಲಿ ಹಳೆಯದಾಗಿದ್ದು ಇದ್ದರೆ ಬಿಟ್ಟುಬಿಡು. ಅಳಿಸುವ ಕಮಾಂಡುಗಳಲ್ಲಿ ಒಂದಕ್ಷರದ ಗುರುತು ಬಳಸಬೇಡ, ಉದ್ದಕ್ಕೆ ಬರಿ. ಎರಡು ಹೈಫನ್ ಹಾಕಿ ವಾಲ್ಯೂಮ್ಸ್ ಅಂತ ಪೂರ್ತಿ ಟೈಪ್ ಮಾಡಬೇಕಾಗಿ ಬಂದಿದ್ದರೆ ನಿನ್ನ ಕಣ್ಣಿಗೆ ಅದು ಬಿದ್ದೇ ಬೀಳುತ್ತಿತ್ತು. ಉಳಿಯಲೇಬೇಕಾದ ವಾಲ್ಯೂಮನ್ನು ಕಂಪೋಸ್ ಫೈಲಿನಲ್ಲಿ ಎಕ್ಸ್‌ಟರ್ನಲ್ ಅಂತ ಗುರುತು ಮಾಡಿಟ್ಟರೆ 'ಡೌನ್' ಅದನ್ನು ಮುಟ್ಟುವುದಿಲ್ಲ, ಹೈಫನ್ ವಿ ಇದ್ದರೂ. ಡೇಟಾಬೇಸ್ ಇರುವ ಕಡೆ ಕೈ ಹಾಕುವ ಮುಂಚೆ 'ಪಿಜಿ ಡಂಪ್' ಕೊಟ್ಟು ಅದರ ನಕಲು ತೆಗೆದು ಆ ಫೈಲನ್ನು ಬೇರೆ ಮೆಷಿನ್‌ನಲ್ಲಿಡು. ಇದೆಲ್ಲ ಆದ ಮೇಲೆ ಹೇಳುವ ಬುದ್ಧಿ, ಗೊತ್ತು.

ಇನ್ನೊಂದು. ಕಂಟೇನರುಗಳಿಗೆ ನೀನೇ ಹೆಸರಿಡು. ಇಡದಿದ್ದರೆ ಡಾಕರ್ ತಾನೇ ಒಂದು ವಿಶೇಷಣಕ್ಕೆ ವಿಜ್ಞಾನಿಯದೋ ಎಂಜಿನಿಯರದೋ ಹೆಸರು ಜೋಡಿಸಿ ಇಡುತ್ತದೆ, ಆಮೇಲೆ ಯಾವುದು ಯಾವುದು ಅಂತ ತಿಳಿಯದೆ ತಪ್ಪಾದದ್ದನ್ನು ತೆಗೆಯುತ್ತೀಯ. ಆ ಹೆಸರುಗಳ ಪಟ್ಟಿಯಲ್ಲಿ ನಮ್ಮ ವಿಶ್ವೇಶ್ವರಯ್ಯನವರಿದ್ದಾರೆ, ಗೊತ್ತಾ? ರಾಮನ್ ಇದ್ದಾರೆ, ಆರ್ಯಭಟ, ಭಾಸ್ಕರ ಇದ್ದಾರೆ. ಒಂದು ದಿನ ಕಂಟೇನರುಗಳ ಪಟ್ಟಿ ನೋಡೋಕೆ 'ಡಾಕರ್ ಪಿಎಸ್' ಕೊಟ್ಟಾಗ ಸಾಲಿನ ಕೊನೆಯಲ್ಲಿ ಸರ್ ಎಂ.ವಿ. ಹೆಸರು ಕಂಡಿತು. ಕನ್ನಂಬಾಡಿ ಕಟ್ಟೆ ನೋಡೋಕೆ ಅಪ್ಪ, ಅಂದರೆ ನಿನ್ನ ತಾತ, ನಮ್ಮಿಬ್ಬರನ್ನೂ ಕರೆದುಕೊಂಡು ಹೋಗಿದ್ದು ನೆನಪಾಗಿ ಕಣ್ಣು ತುಂಬಿಬಂತು. ಕೆಲಸ ಮುಗಿದಿದ್ದರೂ ಆ ಕಂಟೇನರನ್ನು ಸಂಜೆಯವರೆಗೂ ನಿಲ್ಲಿಸಲಿಲ್ಲ. ಎಲ್ಲಿಂದ ಎಲ್ಲಿಗೋ ಹೋದೆ.

ನಿಲ್ಲಿಸುವುದು ಅಂದಾಗ ನೆನಪಾಯಿತು. ಅವಸರಕ್ಕೆ 'ಕಿಲ್' ಬಳಸಬೇಡ. 'ಸ್ಟಾಪ್' ಕೊಟ್ಟರೆ ಮೊದಲು ಒಳಗಿನ ಪ್ರೋಗ್ರಾಮಿಗೆ ಹೊರಡು ಅಂತ ಸೂಚನೆ ಹೋಗುತ್ತದೆ, ಸಾಮಾನ್ಯವಾಗಿ ಹತ್ತು ಸೆಕೆಂಡು ಕಾಯುತ್ತದೆ, ಆಗಲೂ ಹೊರಡದಿದ್ದರೆ ಬಲವಂತವಾಗಿ ಮುಗಿಸುತ್ತದೆ. ಡೇಟಾಬೇಸಿಗೆ ಆ ಹತ್ತು ಸೆಕೆಂಡು ಬೇಕು. ಎಕ್ಸಿಟ್ ಕೋಡ್ 137 ಅಂತ ಕಂಡರೆ ಬಲವಂತವಾಗಿ ಸತ್ತಿದೆ ಅಂತ ತಿಳಿ. 128ಕ್ಕೆ ಬಲವಂತದ ಸೂಚನೆಯ ಸಂಖ್ಯೆ 9 ಸೇರಿಸಿದ ಲೆಕ್ಕ ಅದು.

ಡಾಕರ್ ಬಂದಾಗ, 2013ರಲ್ಲಿ, ನನಗೆ ಐವತ್ತು ದಾಟಿತ್ತು. ಗೋಡೆ ಕಟ್ಟಿ ಒಂದೊಂದು ಪ್ರೋಗ್ರಾಮನ್ನು ಬೇರೆಬೇರೆ ಕೂರಿಸುವ ಯೋಚನೆ ಹಳೆಯದೇ. 1979ರ ಏಳನೇ ಆವೃತ್ತಿಯ ಯೂನಿಕ್ಸ್‌ನಲ್ಲೇ 'ಸಿಹೆಚ್‌ರೂಟ್' ಇತ್ತು, 2000ದಲ್ಲಿ ಫ್ರೀಬಿಎಸ್‌ಡಿಯ ಜೈಲ್ ಬಂತು, ಲಿನಕ್ಸ್ ಕರ್ನಲ್‌ಗೆ ಸಿಗ್ರೂಪ್ಸ್ ಸೇರಿದ್ದು 2008ರಲ್ಲಿ. ಆದರೂ ನನಗೆ ಕಮಾಂಡುಗಳೆಲ್ಲ ಹೊಸವು, ಮೂಲೆಯ ಅಭ್ಯಾಸ ಮಾತ್ರ ಹಳೆಯದು. ಒಂದು ಮಧ್ಯಾಹ್ನ ನನ್ನ ಮೆಷಿನ್ ಶುಚಿ ಮಾಡೋಣ ಅಂತ 'ಡಾಕರ್ ಆರ್‌ಎಂ' ಹೈಫನ್ ಎಫ್, ಅದರ ಮುಂದೆ ಡಾಲರ್ ಹಾಕಿ ಆವರಣದೊಳಗೆ 'ಡಾಕರ್ ಪಿಎಸ್' ಹೈಫನ್ ಎ ಕ್ಯೂ ಬರೆದೆ. ಇರುವ ಕಂಟೇನರುಗಳನ್ನೆಲ್ಲ, ಓಡುತ್ತಿರುವುದನ್ನೂ ಬಿಡದೆ, ತೆಗೆದುಹಾಕುವ ಸಾಲು. ಬೆರಳು ಎಂಟರ್ ಮೇಲಿತ್ತು, ನಡುಗುತ್ತಿತ್ತು. ಏನನ್ನಿಸಿತೋ, ನನ್ನ ಅರ್ಧ ವಯಸ್ಸಿನ ಒಬ್ಬ ಹುಡುಗನನ್ನು ಕರೆದು "ಇದೊಂದು ಸಾಲು ನೋಡಪ್ಪ" ಅಂದೆ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ. ಅವನು ನೋಡಿ, "ಮೇಡಂ, ನಿಮ್ಮ ಡಾಕರ್ ಹೋಸ್ಟ್ ಆಚೆ ಸರ್ವರ್ ಕಡೆ ಇದೆ, ಇದು ನಿಮ್ಮ ಮೆಷಿನ್ ಅಲ್ಲ" ಅಂದ. ಬೆಳಿಗ್ಗೆ ಬೇರೆ ಕೆಲಸಕ್ಕೆ ಬದಲಿಸಿದ್ದೆ, ಮರೆತಿದ್ದೆ. ಆ ಸರ್ವರಿನಲ್ಲಿ ನಾಲ್ಕು ತಂಡಗಳ ಕೆಲಸ ಓಡುತ್ತಿತ್ತು.

ಅವನು ನಗಲಿಲ್ಲ, ಯಾರಿಗೂ ಹೇಳಿಕೊಂಡು ತಿರುಗಲೂ ಇಲ್ಲ. ಕಾಫಿ ಕುಡಿಯೋಕೆ ಹೋದ. ನಾನು ಮಾತ್ರ ಬಹಳ ಹೊತ್ತು ಹಾಗೇ ಕೂತಿದ್ದೆ. 1994ರ ಮಾರನೇ ಬೆಳಿಗ್ಗೆಯೇ ಯಾರನ್ನಾದರೂ ಹೀಗೆ ಪಕ್ಕಕ್ಕೆ ಕರೆದಿದ್ದರೆ ಅಂತ ಆ ದಿನ ಅನ್ನಿಸಿದ್ದು ಈಗಲೂ ಅನ್ನಿಸುತ್ತದೆ.

ನಿನ್ನ ಕೈ ನಡುಗುವುದನ್ನು ಹೇಗೆ ನಿಲ್ಲಿಸಬೇಕು ಅಂತ ನನಗೆ ಗೊತ್ತಿಲ್ಲ ಪುಟ್ಟಾ. ನನ್ನದು ಪೂರ್ತಿ ನಿಲ್ಲಲೇ ಇಲ್ಲ. ನಡುಗುವ ಕೈಯಲ್ಲೇ ಕೆಲಸ ಮಾಡಿದೆ, ಪಿಂಚಣಿಯನ್ನೂ ತಗೊಂಡೆ. ಆದರೆ ಲ್ಯಾಪ್‌ಟಾಪನ್ನು ನಾಳೆ ಗೋಡೆಯಿಂದ ಈಚೆ ತಿರುಗಿಸು. ನಾಳೆಯೇ. ನಿನ್ನ ಹಿಸ್ಟರಿಯಲ್ಲಿ ಆ ಸಾಲು ಇನ್ನೂ ಇದ್ದರೆ ಅಳಿಸಬೇಡ, ಅದನ್ನು ಹಾಗೇ ನಿನ್ನ ಲೀಡ್‌ಗೆ ಕಳಿಸು, ಎಷ್ಟು ಗಂಟೆಗೆ ಕೊಟ್ಟೆ, ಏನು ಅಂದುಕೊಂಡಿದ್ದೆ ಅಂತ ಎರಡು ಸಾಲು ಬರಿ. ಬೈದರೆ ಬೈಯಲಿ. ಆ ಹುಡುಗಿಗೆ ಮಾತ್ರ ಮೆಸೇಜ್ ಮಾಡಬೇಡ, ಅವಳ ಸೀಟಿನ ಹತ್ತಿರ ಹೋಗಿ ಹೇಳು. ಡೇಟಾ ಮತ್ತೆ ತುಂಬಿಸುವಾಗ ಪಕ್ಕದಲ್ಲಿ ಕೂತು ನೀನೂ ತುಂಬಿಸು, ಅವಳು ಒಪ್ಪಿದರೆ.

ಹೇಳಿದ ಮೇಲೆ, ಎಷ್ಟೇ ಹೊತ್ತಾಗಿರಲಿ, ಹೇಳಿದೆ ಅಂತ ನನಗೊಂದು ಸಾಲು ಬರಿ. ನಾನು ಎದ್ದಿರುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ

ಬರೆಯೋಕೆ ಮರೆತಿದ್ದೆ. ನೀನು ಹೋಸ್ಟ್, ಅಂದರೆ ಕಮಾಂಡು ಹೋಗುವ ಮೆಷಿನ್, ಬದಲಿಸಿಕೊಂಡು ಕೆಲಸ ಮಾಡುತ್ತೀಯಾದರೆ ಏನನ್ನಾದರೂ ಅಳಿಸುವ ಮುಂಚೆ 'ಡಾಕರ್ ಕಾಂಟೆಕ್ಸ್ಟ್ ಎಲ್‌ಎಸ್' ಕೊಟ್ಟು ನಕ್ಷತ್ರದ ಗುರುತು ಯಾವುದರ ಪಕ್ಕ ಇದೆ ಅಂತ ನೋಡಿಕೋ. ಡಾಕರ್ ಹೋಸ್ಟ್ ವೇರಿಯಬಲ್ ಎಲ್ಲಾದರೂ ಉಳಿದುಕೊಂಡಿದ್ದರೆ ಕಾಂಟೆಕ್ಸ್ಟ್‌ಗಿಂತ ಅದರ ಮಾತೇ ನಡೆಯುವುದು, ಅದನ್ನೂ ನೋಡು.