ಡಬಲ್ ಬೇಸ್‌ಗೂ ತತ್ವಪದ ಬರಲಿ

ಮಾನ್ಯರೇ,

ಪಿಟೀಲು ಬಳಗದ ಅತಿ ದೊಡ್ಡ, ಮಂದ್ರ ದನಿಯ ಡಬಲ್ ಬೇಸ್ ವಾದ್ಯಕ್ಕೆಂದೇ ರಚನೆಯಾದ ಏಕವಾದನದ ಕೃತಿಗಳು ಕಡಿಮೆ; ಬೊಟ್ಟೆಸಿನಿ, ಕುಸೆವಿಟ್ಸ್ಕಿ ಅವರಂಥ ವಾದಕ-ರಚನಕಾರರನ್ನು ಬಿಟ್ಟರೆ, ಅದಕ್ಕಿಂತ ಚಿಕ್ಕದಾದ ಚೆಲ್ಲೊ ವಾದ್ಯದ ಕೃತಿಗಳ ಎರವಲೇ ಹೆಚ್ಚು. ನಮ್ಮ ಭಾಗದ ತತ್ವಪದಗಳನ್ನು ಈ ವಾದ್ಯಕ್ಕೆ ಅಳವಡಿಸಬೇಕು.

ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಪದಗಳಿಗೆ ಏಕತಾರಿಯ ಒಂದೇ ಶ್ರುತಿ ಸಾಕು. ಡಬಲ್ ಬೇಸ್‌ನ ತಂತಿಗಳು ಇ, ಎ, ಡಿ, ಜಿ. ಬಿಳಿ ಎರಡನ್ನು (ಹಾರ್ಮೋನಿಯಂನ ಎರಡನೇ ಬಿಳಿ ಮನೆ, ಅಂದರೆ ಡಿ ಸ್ವರ) ಷಡ್ಜವಾಗಿಟ್ಟುಕೊಂಡರೆ ಡಿ ತಂತಿಯೇ ಸಾ, ಎ ತಂತಿ ಕೆಳಗಿನ ಪಂಚಮ, ಜಿ ತಂತಿ ಶುದ್ಧ ಮಧ್ಯಮ. ಬೆರಳೊತ್ತದ ಡಿ ತಂತಿಯನ್ನೂ ಕಮಾನಿಗೆ ತಾಗಿಸಿಕೊಂಡು ಜಿ ತಂತಿಯಲ್ಲಿ ಪದ ನುಡಿಸಿದರೆ ಬೇರೆ ಏಕತಾರಿ ಬೇಡ. ಡಿ ತಂತಿಯ ನಟ್ಟನಡುವೆ ಬೆರಳನ್ನು ಒತ್ತದೆ ಸುಮ್ಮನೆ ತಾಗಿಸಿದರೆ ಮೇಲಿನ ಷಡ್ಜ ಸ್ವಚ್ಛವಾಗಿ ಬರುತ್ತದೆ. ಶ್ರುತಿ ತಪ್ಪಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಹಾಡುಗಾರರ ಧಾಟಿಯನ್ನು ಇದ್ದಂತೆಯೇ ಬರೆದುಕೊಂಡರೆ ಕೆಲಸ ಕೆಡುತ್ತದೆ. ಈ ವಾದ್ಯದಲ್ಲಿ ಬರೆದ ಸ್ವರ ಒಂದು ಸಪ್ತಕ ಕೆಳಗೆ ಕೇಳಿಸುತ್ತದೆ. ಮಂದ್ರದಲ್ಲಿ ಹತ್ತಿರದ ಎರಡು ಸ್ವರಗಳನ್ನು ಒಟ್ಟಿಗೆ ನುಡಿಸಿದರೆ ಬರೀ ಗುಂಯ್‌ಗುಡುತ್ತದೆ. ತಂತಿ ಒಂದು ಮೀಟರಿಗಿಂತ ತುಸು ಉದ್ದವಿರುವುದರಿಂದ ಮಂದ್ರ ಸ್ವರಗಳ ಸ್ಥಾನಗಳಲ್ಲಿ ತೋರುಬೆರಳಿನಿಂದ ಕಿರುಬೆರಳಿಗೆ ಸಿಗುವುದು ಸಾಮಾನ್ಯವಾಗಿ ಒಂದು ಪೂರ್ಣ ಸ್ವರದ ಅಂತರ ಮಾತ್ರ. ಹೀಗಾಗಿ ವೇಗದ ತಾನಗಳನ್ನು ಕತ್ತರಿಸಿ, ಮೀಂಡಿಗೆ (ಸ್ವರದಿಂದ ಸ್ವರಕ್ಕೆ ಜಾರುವುದಕ್ಕೆ) ಜಾಗ ಬಿಡುವುದೇ ಸರಿ.

ಕರ್ನಾಟಕ ಸಂಗೀತ ನೃತ್ಯ ಅಕಾಡೆಮಿಯು ಇಲ್ಲಿನ ಭಜನಾ ಮಂಡಳಿಗಳ ಹಿರಿಯರಿಂದ ಧಾಟಿ ಸಂಗ್ರಹಿಸಿ, ಮೊದಲಿಗೆ ಹತ್ತು ಪದಗಳನ್ನು ಕನ್ನಡ ಸ್ವರಲಿಪಿ ಹಾಗೂ ಪಾಶ್ಚಾತ್ಯರ ಐದು ಗೆರೆಯ ಸ್ಟಾಫ್ ನೊಟೇಶನ್ ಎರಡರಲ್ಲೂ, ಬೆರಳಿನ ಸಂಖ್ಯೆ ಮತ್ತು ಕಮಾನಿನ ದಿಕ್ಕಿನ ಗುರುತುಗಳೊಂದಿಗೆ ಪ್ರಕಟಿಸಲಿ.

– ಸಂಗೀತಾಸಕ್ತ, ಕಲಬುರಗಿ