ಹೊಲಿಗೆ ಲೈನಿನ ಸೂಪರ್‌ವೈಸರ್‌ಗೆ ಮೊದಲು ಕೋಚಿಂಗ್ ಸಿಗಲಿ

ಮಾನ್ಯ ಸಂಪಾದಕರೇ,

ಉದ್ಯೋಗಿಗಳ ನೆಮ್ಮದಿಗಾಗಿ ಕಂಪನಿಗಳು ಕೋಚ್‌ಗಳನ್ನು ನೇಮಿಸಿಕೊಳ್ಳುತ್ತಿರುವ ಬಗ್ಗೆ ಈಚೆಗೆ ಪತ್ರಿಕೆಗಳಲ್ಲಿ ಆಗಾಗ ಓದುತ್ತಿದ್ದೇನೆ. ಆ ಬರಹಗಳಲ್ಲಿ ಬರುವ ಉದ್ಯೋಗಿಗಳು ಹೆಚ್ಚಾಗಿ ಸಾಫ್ಟ್‌ವೇರ್ ಕಚೇರಿಯವರು. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯಲ್ಲಿ, ಈಗೀಗ ರಾಮನಗರ, ಮದ್ದೂರು, ದೊಡ್ಡಬಳ್ಳಾಪುರದ ಕಡೆಗಳಲ್ಲೂ ಬೆಳಗಾಗುವ ಮೊದಲೇ ಬುತ್ತಿ ಕಟ್ಟಿಕೊಂಡು ಹೊರಟು ಹೊಲಿಗೆ ಯಂತ್ರದ ಮುಂದೆ ಕೂರುವ ಲಕ್ಷಾಂತರ ಹೆಣ್ಣುಮಕ್ಕಳ ಸುದ್ದಿ ಅಲ್ಲಿ ಬರುವುದಿಲ್ಲ. ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಇಪ್ಪತ್ತಾರು ವರ್ಷ ಕಲ್ಯಾಣಾಧಿಕಾರಿಯಾಗಿ ದುಡಿದು ನಿವೃತ್ತಳಾದ ನನಗೆ ಈ ವಿಷಯದಲ್ಲಿ ಒಂದು ಮಾತು ಹೇಳಲೇಬೇಕೆನಿಸಿದೆ.

ಕೋಚಿಂಗ್ ಎಂದೊಡನೆ ನಮ್ಮವರಿಗೆ ನೆನಪಾಗುವುದು ಸಿಇಟಿ, ಕೆಎಎಸ್ ಪರೀಕ್ಷೆಗಳ ತರಗತಿ. ನಾನು ಹೇಳುತ್ತಿರುವುದು ಬೇರೆ. ಅನುಭವಸ್ಥರೊಬ್ಬರು ಕೆಲಸಗಾರರ ಪಕ್ಕದಲ್ಲಿ ವಾರಕ್ಕೊಮ್ಮೆಯಾದರೂ ಕುಳಿತು, ದಿನ ಹೇಗೆ ಸಾಗುತ್ತಿದೆ ಎಂದು ಕೇಳಿ, ತೊಡಕನ್ನು ಅವರ ಬಾಯಿಂದಲೇ ಬಿಡಿಸಿ ಹೇಳಿಸಿ, ಮುಂದಿನ ವಾರ ಯಾವ ಒಂದು ಸಂಗತಿಯನ್ನು ಬೇರೆ ರೀತಿ ಮಾಡಬಹುದೆಂದು ಅವರೇ ಗೊತ್ತುಮಾಡುವಂತೆ ಮಾಡಿ, ಆ ವಾರ ಕಳೆದ ಮೇಲೆ ಮತ್ತೆ ಬಂದು ವಿಚಾರಿಸುವ ಕ್ರಮ ಅದು. ವರ್ಷಕ್ಕೊಂದು ಭಾಷಣವಾಗಲಿ, ಯೋಗ ದಿನದ ಕಾರ್ಯಕ್ರಮವಾಗಲಿ, ಗೋಡೆಗೆ ಅಂಟಿಸಿದ ಪೋಸ್ಟರ್ ಆಗಲಿ ಈ ಕೆಲಸವನ್ನು ಮಾಡಲಾರವು. ಮತ್ತೆ ಬಂದು ವಿಚಾರಿಸುವವರು ಅಲ್ಲಿ ಇರುವುದಿಲ್ಲ.

ಈ ಕ್ರಮ ಮೊದಲು ಸಲ್ಲಬೇಕಾದದ್ದು ಲೈನ್ (ಹೊಲಿಗೆ ಯಂತ್ರಗಳ ಸಾಲು) ಸೂಪರ್‌ವೈಸರ್‌ಗಳಿಗೆ ಎಂಬುದು ನನ್ನ ಖಚಿತ ಅಭಿಪ್ರಾಯ. ನಮ್ಮ ಕಾರ್ಖಾನೆಗಳಲ್ಲಿ ಸೂಪರ್‌ವೈಸರ್ ಆಗುವವರು ಬಹುಪಾಲು ಒಳ್ಳೆಯ ಟೈಲರ್‌ಗಳಾಗಿದ್ದವರು. ಕಾಲರ್, ಕಫ್, ಪಾಕೆಟ್ ಯಾವುದನ್ನು ಕೊಟ್ಟರೂ ಹೊಲಿಯಬಲ್ಲರೆಂಬ ಕಾರಣಕ್ಕೆ ಒಂದು ಬೆಳಿಗ್ಗೆ ಅವರಿಗೆ ನಲವತ್ತು ಐವತ್ತು ಜನರ ಲೈನನ್ನು ಒಪ್ಪಿಸಲಾಗುತ್ತದೆ. ಆ ಜನರೊಡನೆ ಹೇಗೆ ಮಾತಾಡಬೇಕೆಂದು ಯಾರೂ ಕಲಿಸಿರುವುದಿಲ್ಲ. ಗಂಟೆಗೊಮ್ಮೆ ಬೋರ್ಡಿನ ಮೇಲೆ ಪೀಸುಗಳ ಲೆಕ್ಕ ಬರೆಯಬೇಕು. ಲೆಕ್ಕ ಕಡಿಮೆಯಾದರೆ ಫ್ಲೋರ್ ಇನ್‌ಚಾರ್ಜ್ ಬೈಯುತ್ತಾರೆ. ಅವರನ್ನು ಅದಕ್ಕೆ ಮೊದಲೇ ಪ್ರೊಡಕ್ಷನ್ ಮ್ಯಾನೇಜರ್ ಬೈದಿರುತ್ತಾರೆ. ಹಾಗೆ ಮೇಲಿನಿಂದ ಇಳಿದು ಬಂದ ಬೈಗುಳ ಕೊನೆಗೆ ಯಂತ್ರದ ಮುಂದೆ ತಲೆ ತಗ್ಗಿಸಿ ಕುಳಿತವಳ ಮೇಲೆ ಬೀಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2022ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಮಾರ್ಗಸೂಚಿಯು ಕೆಲಸದ ಸ್ಥಳದಲ್ಲಿ ಮಾನಸಿಕ ಆರೋಗ್ಯ ಕಾಪಾಡಲು ಮೇಲ್ವಿಚಾರಕರಿಗೆ ತರಬೇತಿ ಕೊಡಬೇಕೆಂದು ಶಿಫಾರಸು ಮಾಡಿದೆ. ಅದನ್ನು ಓದಿದಾಗ ನನಗೆ ಹಳೆಯ ಪ್ರಕರಣವೊಂದು ನೆನಪಾಯಿತು.

ನಾನಿದ್ದ ಕಾರ್ಖಾನೆಯೊಂದರಲ್ಲಿ ಕಾಲರ್ ಹೊಲಿಯುತ್ತಿದ್ದ ಒಬ್ಬ ಹೆಣ್ಣುಮಗಳು ಒಂದು ಸಂಜೆ ನನ್ನ ಕೊಠಡಿಗೆ ಬಂದು, ಮಾತೇ ಹೊರಡದೆ, ಬಹಳ ಹೊತ್ತು ಅತ್ತಳು. ಸೂಪರ್‌ವೈಸರ್ ಹೊಲಿಯಲು ಕೊಡುವ ಬಟ್ಟೆ ತುಂಡುಗಳ ಬಂಡಲನ್ನು ಆಕೆಯ ಮುಖದ ಮೇಲೆ ಎಸೆದಿದ್ದರು. ನಾನು ಆಗ ನನಗೆ ತಿಳಿದಿದ್ದುದನ್ನು ಮಾಡಿದೆ. ಹೇಳಿಕೆ ಬರೆಸಿಕೊಂಡೆ, ಆತನಿಗೆ ಎಚ್ಚರಿಕೆ ಪತ್ರ ಕೊಡಿಸಿದೆ. ಆಮೇಲೆ ಆತ ಆಕೆಯೊಡನೆ ಮಾತನ್ನೇ ನಿಲ್ಲಿಸಿದ. ಕೂಗಾಟಕ್ಕಿಂತ ಆ ಮೌನ ಆಕೆಯನ್ನು ಹೆಚ್ಚು ನೋಯಿಸಿತು. ಎರಡು ತಿಂಗಳೊಳಗೆ ಕೆಲಸ ಬಿಟ್ಟಳು. ಪಿಎಫ್ ಕಾಗದಕ್ಕಾಗಿ ಬಂದಾಗ ‘ಮೇಡಂ, ನೀವು ಬೇಜಾರು ಮಾಡ್ಕೋಬೇಡಿ’ ಎಂದು ನನಗೇ ಸಮಾಧಾನ ಹೇಳಿ ಹೋದಳು. ನಿವೃತ್ತಿಯಾದ ಮೇಲೂ ಆ ಮಾತು ನನ್ನನ್ನು ಬಿಟ್ಟಿಲ್ಲ.

ಮರುವರ್ಷ ಅದೇ ಸೂಪರ್‌ವೈಸರ್ ಮೇಲೆ ಅಂಥದೇ ದೂರು ಬಂತು. ಈ ಸಲ ಪತ್ರ ಕೊಡಿಸುವ ಮೊದಲು ಪ್ರತಿ ಬುಧವಾರ ಊಟದ ನಂತರ ಅರ್ಧ ಗಂಟೆ ಆತನೊಡನೆ ಕೂರಲು ಅನುಮತಿ ಕೇಳಿ ಪಡೆದೆ. ಮೊದಲ ಎರಡು ವಾರ ಆತ ಪೀಸಿನ ಲೆಕ್ಕ ಬಿಟ್ಟು ಬೇರೇನೂ ಮಾತಾಡಲಿಲ್ಲ. ಮೂರನೆಯ ವಾರ, ಬೆಳಿಗ್ಗೆ ಫ್ಲೋರಿಗೆ ಬರುವ ಮುನ್ನ ಹೊಟ್ಟೆ ತೊಳೆಸಿದಂತಾಗಿ ತಿಂಡಿ ಸೇರುವುದಿಲ್ಲವೆಂದೂ, ಮೂವತ್ತನಾಲ್ಕಕ್ಕೇ ಬಿಪಿ ಮಾತ್ರೆ ಶುರುವಾಗಿದೆಯೆಂದೂ ಹೇಳಿದ. ಆತನಿಗೆ ನಾನು ಕೊಟ್ಟ ಕೆಲಸ ಚಿಕ್ಕದು: ದಿನಾ ಮೊದಲ ಅರ್ಧ ಗಂಟೆಯೊಳಗೆ ಇಬ್ಬರ ಯಂತ್ರದ ಹತ್ತಿರ ನಿಂತು ‘ಏನು ತೊಂದರೆ ಆಗ್ತಿದೆ’ ಎಂದು ಕೇಳಬೇಕು, ಅವರು ಹೇಳಿ ಮುಗಿಸುವವರೆಗೆ ತಾನು ಬಾಯಿ ತೆರೆಯಬಾರದು. ನಾಲ್ಕೈದು ದಿನ ಯಾರೂ ಏನೂ ಹೇಳಲಿಲ್ಲ. ಆಮೇಲೆ ಒಬ್ಬಾಕೆ, ಕಟಿಂಗ್ ವಿಭಾಗದಿಂದ ಬರುವ ಬಂಡಲ್‌ಗಳಲ್ಲಿ ನಂಬರ್ ಸ್ಟಿಕ್ಕರ್ ಸರಿಯಿಲ್ಲದೆ ಬೇರೆ ಬೇರೆ ಶೇಡಿನ ಪೀಸುಗಳು ಬೆರೆತಿರುತ್ತವೆ, ಅವನ್ನು ಬೇರ್ಪಡಿಸುವುದರಲ್ಲೇ ಹೊತ್ತು ಹೋಗುತ್ತದೆ ಎಂದು ತಿಳಿಸಿದಳು. ಸೋಮಾರಿತನವೆಂದು ಅಷ್ಟು ದಿನ ಬೈಯುತ್ತಿದ್ದುದು ಇದಕ್ಕೆ. ಸ್ಟಿಕ್ಕರ್ ಸರಿಯಾಯಿತು, ಆ ಲೈನಿನ ಲೆಕ್ಕ ಮೇಲೆ ಬಂತು. ಅದನ್ನು ನನಗೆ ಹೇಳಲು ಆತ ಬುಧವಾರದವರೆಗೆ ಕಾಯಲಿಲ್ಲ.

ಎಲ್ಲವೂ ಸರಿಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಒಮ್ಮೆ ಶಿಪ್‌ಮೆಂಟ್ ದಿನಾಂಕ ಮುಂಚಿತವಾಗಿ, ಎರಡು ವಾರ ರಾತ್ರಿಯವರೆಗೆ ಓಟಿ (ಹೆಚ್ಚುವರಿ ಹೊತ್ತಿನ ದುಡಿಮೆ) ನಡೆದಾಗ, ಆತನ ಹಳೆಯ ದನಿ ಪೂರ್ತಿಯಾಗಿ ಮರಳಿತು. ಮನುಷ್ಯನನ್ನು ತಿದ್ದಿ ಟಾರ್ಗೆಟ್ಟನ್ನು ಹಾಗೆಯೇ ಬಿಟ್ಟರೆ ತಿದ್ದಿದ್ದು ನಿಲ್ಲುವುದಿಲ್ಲ ಎಂಬುದು ನನಗೆ ಮನದಟ್ಟಾದದ್ದು ಆ ಎರಡು ವಾರಗಳಲ್ಲಿ.

ಇದು ನನ್ನೊಬ್ಬಳ ಅನುಭವವೆಂದು ಯಾರಾದರೂ ಪಕ್ಕಕ್ಕಿಡಬಹುದು. ಆದರೆ ಇದೇ ಬೆಂಗಳೂರಿನ ಐದು ಸಿದ್ಧ ಉಡುಪು ಕಾರ್ಖಾನೆಗಳಲ್ಲಿ 2013–14ರಲ್ಲಿ ಕಟ್ಟುನಿಟ್ಟಾದ ಅಧ್ಯಯನವೊಂದು ನಡೆದಿದೆ. ಅಮೆರಿಕದ ಉಡುಪು ಕಂಪನಿ ಗ್ಯಾಪ್ 2007ರಲ್ಲಿ ಆರಂಭಿಸಿದ ‘ಪೇಸ್’ ಎಂಬ ತರಬೇತಿಗೆ ಹೆಸರು ಕೊಟ್ಟ ಹೆಣ್ಣುಮಕ್ಕಳಲ್ಲಿ ಲಾಟರಿ ಎತ್ತಿ ಕೆಲವರಿಗೆ ಮಾತ್ರ ಅದನ್ನು ಕೊಟ್ಟು, ಉಳಿದವರೊಡನೆ ಹೋಲಿಸಿ ನೋಡಲಾಯಿತು. ಸುಮಾರು 80 ಗಂಟೆಗಳ ಆ ಪಾಠಗಳಲ್ಲಿ ಹೊಲಿಗೆಯ ಸುದ್ದಿಯೇ ಇರಲಿಲ್ಲ. ಹೇಳಬೇಕಾದ್ದನ್ನು ಹೇಳುವುದು, ಸಮಯ ಮತ್ತು ಒತ್ತಡವನ್ನು ನಿಭಾಯಿಸುವುದು, ಸಮಸ್ಯೆ ಬಿಡಿಸುವುದು, ಹಣಕಾಸು, ಆರೋಗ್ಯ ಇಂಥವು ಇದ್ದವು. ಅಧ್ವರ್ಯು, ಕಲಾ ಮತ್ತು ನ್ಯಷಾಧಂ ಎಂಬ ಅರ್ಥಶಾಸ್ತ್ರಜ್ಞರ ಲೆಕ್ಕದಂತೆ, ತರಬೇತಿ ಮುಗಿದ ಮೇಲೆ ಪಾಲ್ಗೊಂಡವರ ಉತ್ಪಾದಕತೆ ಉಳಿದವರಿಗಿಂತ ಶೇ 13.5ರಷ್ಟು ಹೆಚ್ಚಿತ್ತು, ಎಂಟು ತಿಂಗಳಲ್ಲಿ ಕಂಪನಿಗೆ ಖರ್ಚು ಕಳೆದು ಶೇ 256ರಷ್ಟು ಲಾಭ ಬಂದಿತ್ತು. ನಮ್ಮ ದೇಶದ ಹೊಲಿಗೆ ಕಾರ್ಖಾನೆಗಳಲ್ಲೇ ನಡೆದ ಇನ್ನೊಂದು ಅಧ್ಯಯನದಲ್ಲಿ, ನಿರೀಕ್ಷಿಸಿದಷ್ಟು ಸಂಬಳ ಏರದೆ ನಿರಾಶರಾಗಿದ್ದವರಿಗೆ ತಮ್ಮ ಅಸಮಾಧಾನ ಹೇಳಿಕೊಳ್ಳಲು ಅವಕಾಶ ಕೊಟ್ಟದ್ದರಿಂದಲೇ ಕೆಲಸ ಬಿಡುವವರು ಕಡಿಮೆಯಾದರು.

ಮೊದಲ ಅಧ್ಯಯನದ ಇನ್ನೊಂದು ಅಂಕಿಯನ್ನು ಮಾತ್ರ ಮಾಲೀಕರ ಸಭೆಗಳಲ್ಲಿ ಯಾರೂ ಎತ್ತಿ ಹೇಳುವುದನ್ನು ನಾನು ಕೇಳಿಲ್ಲ. ಉತ್ಪಾದಕತೆ ಶೇ 13.5ರಷ್ಟು ಏರಿದ ಆ ಹೆಣ್ಣುಮಕ್ಕಳ ಸಂಬಳ ಏರಿದ್ದು ಶೇ 0.5 ಮಾತ್ರ. ಕೋಚಿಂಗ್‌ನಿಂದ ಯಾರಿಗೆ ಒಳಿತಾಗಬೇಕು ಎಂಬ ಪ್ರಶ್ನೆಯನ್ನು ಇಲ್ಲೇ ಕೇಳಬೇಕು. ಆತ್ಮವಿಶ್ವಾಸ ಬಂದದ್ದೂ ಲಾಭವೇ, ನಿಜ. ಆದರೆ ಮನೆ ಬಾಡಿಗೆಯನ್ನೂ ಮಕ್ಕಳ ಶಾಲೆಯ ಫೀಸನ್ನೂ ಆತ್ಮವಿಶ್ವಾಸದಿಂದ ಕಟ್ಟಲಾಗದು. ಹೆಚ್ಚಿದ ಉತ್ಪಾದನೆಯಲ್ಲಿ ಒಂದು ಗೊತ್ತಾದ ಪಾಲು ಲೈನಿನವರಿಗೆ ಸಲ್ಲಬೇಕೆಂಬುದು ಕೋಚಿಂಗ್ ಯೋಜನೆಯ ಒಳಗೇ ಇರಬೇಕು.

ಹಾಗೆಯೇ, ಕೋಚಿಂಗ್ ಬೇರೆ ಹೊಣೆಗಳನ್ನು ಮರೆಸುವ ಪರದೆಯಾಗಬಾರದು. 2023ರಲ್ಲಿ ರಾಜ್ಯ ಸರ್ಕಾರ ಕಾರ್ಖಾನೆಗಳ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆಗಳ ಮಿತಿಯೊಳಗೆ ದಿನದ ದುಡಿಮೆಯನ್ನು 12 ಗಂಟೆಗಳವರೆಗೆ ವಿಸ್ತರಿಸಲು ದಾರಿ ಮಾಡಿತು. ಮೂರು ತಿಂಗಳ ಓಟಿ ಮಿತಿಯನ್ನು 144 ಗಂಟೆಗೆ ಏರಿಸಿತು. ಹನ್ನೆರಡು ಗಂಟೆ ದುಡಿದು, ಎರಡು ಗಂಟೆ ವ್ಯಾನಿನಲ್ಲಿ ಕುಳಿತು, ಮನೆಗೆ ಹೋಗಿ ಒಲೆ ಹಚ್ಚುವವಳಿಗೆ ಒತ್ತಡ ನಿಭಾಯಿಸುವ ಪಾಠ ಹೇಳುವುದು ಅನ್ಯಾಯ. ಶೌಚಾಲಯಕ್ಕೆ ಹೋಗಲು ಸೂಪರ್‌ವೈಸರ್ ಮುಖ ನೋಡಬೇಕಾದ ಕಡೆ, ಮಗುವಿಗೆ ಜ್ವರ ಬಂದರೂ ರಜೆ ಸಿಗದ ಕಡೆ ಯಾವ ಕೋಚ್ ಬಂದರೂ ಏನೂ ಮಾಡಲಾರರು. ಕೋಚ್ ವೈದ್ಯರ ಜಾಗವನ್ನೂ ತುಂಬಲಾರರು. ಖಿನ್ನತೆಯ ಲಕ್ಷಣ ಕಂಡಾಗ ಸರಿಯಾದ ಕಡೆಗೆ ಕಳಿಸುವುದು ಅವರ ಕರ್ತವ್ಯ. 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದೆಂಬುದು ಫ್ಲೋರಿನಲ್ಲಿ ಎಷ್ಟು ಜನರಿಗೆ ಗೊತ್ತು?

ಇನ್ನೆರಡು ವಿಷಯಗಳು. ಕೋಚ್ ಬಳಿ ಹೇಳಿದ್ದು ಎಚ್‌ಆರ್ ಕಡತಕ್ಕೆ ಹೋಗುತ್ತದೆಂಬ ಅನುಮಾನ ಒಮ್ಮೆ ಹುಟ್ಟಿತೆಂದರೆ ಮತ್ತೆ ಯಾರೂ ಬಾಯಿ ಬಿಡುವುದಿಲ್ಲ. ಆದ್ದರಿಂದ ಕೋಚ್‌ಗೆ ಬಡ್ತಿ, ವರ್ಗಾವಣೆ, ಶಿಸ್ತು ಕ್ರಮಗಳಲ್ಲಿ ಯಾವ ಪಾತ್ರವೂ ಇರಕೂಡದು. ನನ್ನ ಹುದ್ದೆಯಲ್ಲಿದ್ದ ದೊಡ್ಡ ತೊಡಕು ಇದೇ ಆಗಿತ್ತು. ಅದೇ ಕೈಯಿಂದ ಎಚ್ಚರಿಕೆ ಪತ್ರ ಬರೆಯುತ್ತಿದ್ದ ನನ್ನನ್ನು ಆ ಸೂಪರ್‌ವೈಸರ್ ನಂಬಲು ಮೂರು ವಾರ ಬೇಕಾಯಿತು. ಎರಡನೆಯದು ಭಾಷೆ. ಈಗ ಒಡಿಶಾ, ಜಾರ್ಖಂಡ್‌ಗಳಿಂದ ಬಂದು ಹಾಸ್ಟೆಲ್‌ಗಳಲ್ಲಿ ಉಳಿದು ದುಡಿಯುವ ಹುಡುಗಿಯರು ಅನೇಕರಿದ್ದಾರೆ. ಕನ್ನಡದ ಬೈಗುಳ ಅವರಿಗೆ ಅರ್ಥವಾಗದಿರಬಹುದು, ದನಿ ಅರ್ಥವಾಗುತ್ತದೆ. ಅವರ ಮಾತು ಬಲ್ಲ ಕೋಚ್‌ಗಳನ್ನು ಅವರ ನಡುವಿನಿಂದಲೇ ತಯಾರು ಮಾಡಬೇಕು.

500 ಅಥವಾ ಹೆಚ್ಚು ಕೆಲಸಗಾರರಿರುವ ಕಾರ್ಖಾನೆಗೆ ಕಲ್ಯಾಣಾಧಿಕಾರಿ ಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆಯ 49ನೇ ಕಲಮು ಹೇಳಿತ್ತು. ಆ ಹುದ್ದೆಯಲ್ಲಿ ಕೂತವರ ಸಮಯ ಹೆಚ್ಚಾಗಿ ಕಳೆಯುವುದು ಹಾಜರಾತಿಯಲ್ಲಿ, ವಿದೇಶಿ ಖರೀದಿದಾರರ ಆಡಿಟ್‌ಗೆ ಕಡತ ಜೋಡಿಸುವುದರಲ್ಲಿ. ಜವಳಿ ನೀತಿಯಡಿ ಸರ್ಕಾರ ಗಾರ್ಮೆಂಟ್ಸ್ ಘಟಕಗಳಿಗೆ ಬಂಡವಾಳಕ್ಕೆ, ವಿದ್ಯುತ್ತಿಗೆ ಸಹಾಯಧನ ಕೊಡುತ್ತದೆ. ಹೊಸದಾಗಿ ಬಡ್ತಿ ಪಡೆದ ಪ್ರತಿ ಸೂಪರ್‌ವೈಸರ್‌ಗೂ ಕನಿಷ್ಠ ಆರು ತಿಂಗಳು, ಕೆಲಸದ ಅವಧಿಯೊಳಗೇ, ಸಂಬಳ ಕಡಿತವಿಲ್ಲದೆ ಕೋಚಿಂಗ್ ಕೊಡಬೇಕೆಂಬ ಷರತ್ತನ್ನು ಆ ಸಹಾಯಧನಕ್ಕೆ ಜೋಡಿಸಬೇಕೆಂದು ಕಾರ್ಮಿಕ ಮತ್ತು ಜವಳಿ ಇಲಾಖೆಗಳನ್ನು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ. ಅದು ಫಲ ಕೊಟ್ಟಿತೇ ಎಂಬುದನ್ನು ಆಡಳಿತ ಮಂಡಳಿಯ ವರದಿಯಿಂದ ತಿಳಿಯದೆ, ಆ ಲೈನಿನಲ್ಲಿ ಕೂರುವವರನ್ನೇ ಗೇಟಿನ ಹೊರಗೆ ಕೇಳಿ ತಿಳಿಯಲಿ. ಮೊದಲು ರಾಮನಗರ ಅಥವಾ ಮದ್ದೂರಿನ ಕೆಲವೇ ಘಟಕಗಳಲ್ಲಿ ಆರಂಭಿಸಿದರೂ ಸಾಕು. ಈ ಕೆಲಸ ಬಲ್ಲ ನಿವೃತ್ತ ಕಲ್ಯಾಣಾಧಿಕಾರಿಗಳು ನಾವು ಹಲವರಿದ್ದೇವೆ. ಬಸ್ಸಿನ ಖರ್ಚು ಕೊಟ್ಟರೆ ವಾರಕ್ಕೆರಡು ದಿನ ಹೋಗಿ ಕೂರಲು ನಾನಂತೂ ಸಿದ್ಧಳಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಕಲ್ಯಾಣಾಧಿಕಾರಿ
ಕೆಂಗೇರಿ, ಬೆಂಗಳೂರು